ಹರಳು ಜಾಗ ಬಿಡಲಿಲ್ಲ

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಕೆಲಸ ಜಾಸ್ತಿ ಇತ್ತೆಂದು ಬರೆಯಬಹುದು, ಆದರೆ ಅದು ಸುಳ್ಳು. ಮನೆಗೆ ಬಂದು ಇಲ್ಲೇ ಇದ್ದುಬಿಡಲೇ ಎಂದು ಕೇಳಿದ್ದೀಯ. ಉತ್ತರ ಸಿಗದೆ ತಡವಾಯಿತು. ನೀನು ಹೇಳಿದಂತೆ ಇದನ್ನು ನಿಮ್ಮ ಪಕ್ಕದ ಮನೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ಶಾಲೆ ಬಿಟ್ಟವನಿಗೆ ಪ್ರಯೋಗಾಲಯದಲ್ಲೇನು ಕೆಲಸ ಎಂದು ನಗಬೇಡ, ಗಾಜಿನ ಸಾಮಾನು ತೊಳೆಯುತ್ತೇನೆ. ಒಂದು ಕಡೆ ಕೂರಲಾರದ ನನ್ನನ್ನು ಹೋದ ವಾರ ಅಲ್ಲಿನ ಮೇಡಂ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಎಣ್ಣೆಯ ಹನಿಯೊಳಗೆ ಒಂದು ಹರಳು, ಕೆಳಗಿನಿಂದ ನಿಧಾನವಾಗಿ ಬಿಸಿ. ಹರಳಿನ ಅಣುಗಳು ಗೂಡು ಕಟ್ಟಿದಂತೆ ನಿಂತಿರುತ್ತವಂತೆ, ನಡುವಿನ ಸಂದಿನಲ್ಲಿ ಬೇರೆ ಜಾತಿಯ ಅಣು ಅತಿಥಿಯಾಗಿ ಇರುತ್ತದಂತೆ. ಕಾವು ಏರಿದಾಗ ಅತಿಥಿ ಗುಳ್ಳೆ ಗುಳ್ಳೆಯಾಗಿ ಹೊರಟಿತು. ಗಾಜಿನಂತಿದ್ದ ಹರಳು ಸೀಮೆಸುಣ್ಣದಂತೆ ಬೆಳ್ಳಗಾಯಿತು. ಅಂಚು ಮಾತ್ರ ಕದಲಲಿಲ್ಲ.

"ಆ ಸಂದು ಖಾಲಿ ಇರತ್ತಾ ಮೇಡಂ?"

"ಎಲ್ಲಿ ಇರತ್ತೋ? ಉಳಿದವು ಒತ್ತರಿಸ್ಕೊಂಡು ಬೇರೆ ಥರ ಜೋಡಣೆ ಆಗ್ಬಿಡ್ತವೆ. ಹೊರಗಿಂದ ನೋಡಿದ್ರೆ ಅದೇ ಹರಳು."

"ಅತಿಥಿ ವಾಪಸ್ ಬಂದ್ರೆ?"

"ಕೆಲವು ಹರಳು ಜಾಗ ಬಿಡ್ತವೆ. ಇದು ಬಿಡಲ್ಲ. ನಂಬಿಕೆ ಇಲ್ದಿದ್ರೆ ಅತಿಥಿಯ ಆವಿಯಲ್ಲೇ ಇಟ್ಟು ನೋಡು."

ಎಣ್ಣೆಯಿಲ್ಲದೆ ಇನ್ನೊಂದನ್ನು ಬಿಸಿ ಮಾಡಿ, ಆವಿ ತುಂಬಿದ ಸೀಸೆಯಲ್ಲಿಟ್ಟೆ. ದಿನಾ ಇಣುಕುತ್ತೇನೆ. "ಅದೇನು ಮೊಟ್ಟೆನಾ, ಮರಿ ಆಗೋಕೆ?" ಎಂದು ಜೊತೆಯವರು ಕಾಡಿಸುತ್ತಾರೆ. ಇನ್ನೂ ಬೆಳ್ಳಗೇ ಇದೆ.

ನಿನ್ನ ಕೋಣೆಯಲ್ಲಿ ಈಗ ಅಣ್ಣ, ಅತ್ತಿಗೆ, ಪಾಪು. ಕಿಟಕಿಗೆ ಅಡ್ಡವಾಗಿ ಬೀರು ನಿಂತಿದೆ. ನಾನು ನಡುಮನೆಯಲ್ಲಿ ಮಲಗುತ್ತೇನೆ. ಕಾಲು ಚಾಚಿದರೆ ಅಪ್ಪನ ಕುರ್ಚಿ ತಾಗುತ್ತದೆ. ಅಮ್ಮ ಒಲೆಯ ಹತ್ತಿರದಿಂದಲೇ ಕೂಗುತ್ತಿದ್ದಾಳೆ: "ಬಾ ಅಂತ ಬರಿಯೋ. ಹಾಗೇ, ಎರಡು ದಿನಕ್ಕೆ ಅಂತ ಸೇರಿಸು."

ಬಾ. ಎರಡು ದಿನ ಎಂಬುದು ಅಮ್ಮನ ಮಾತು, ನನ್ನದಲ್ಲ. ಆದರೆ ಮೂರನೆಯ ದಿನ ನಿನ್ನನ್ನು ಎಲ್ಲಿ ಮಲಗಿಸಲಿ ಎಂದರೆ ನನಗೂ ಗೊತ್ತಿಲ್ಲ.

ಅಪ್ಪ ಅಮ್ಮ ಇಬ್ಬರ ಆಶೀರ್ವಾದ ನಿನಗೆ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ತಮ್ಮ,
ಕಪಿ

ತಾ.ಕ. ನಿನ್ನ ಕಾಗದವನ್ನು ಎಲ್ಲರ ಮುಂದೆ ನಾನೇ ಗಟ್ಟಿಯಾಗಿ ಓದಿದೆ. ಕೆಲಸಕ್ಕೆ ಹೋಗುವಾಗ ಭಾವ ನಿನ್ನನ್ನು ಒಳಗೇ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾರೆ ಎಂಬ ಸಾಲನ್ನು ಎರಡು ಸಲ ಓದಿದೆ. ಓದಿ ಮುಗಿದದ್ದೇ ತಡ, ನಿನಗೆ ಮಂಚ ಎಲ್ಲಿ ಹಾಕುವುದು ಎಂಬ ಮಾತು ಶುರುವಾಯಿತು. ಗೋಡೆ ಅಳೆಯಲು ಅಣ್ಣ ಟೇಪಿನ ಒಂದು ತುದಿ ಹಿಡಿದ. ಇನ್ನೊಂದು ತುದಿ ಹಿಡಿದವನು ನಾನು.