ಏಣಿ ಕಾಣದ ಪತ್ತೇದಾರ

ವಿಕ್ರೋಳಿ,
೧೨ ಜನವರಿ ೧೯೮೯

ಪುಸ್ತಕ ವಾಪಸು ಕೇಳಿದ ಸತ್ಯಮೂರ್ತಿಯವರಿಗೆ ಶಾಮಲಾಳ ನಮಸ್ಕಾರ.

ಮೊದಲು, ಯಾರು ಏನು ಮಾತು ಕೊಟ್ಟಿದ್ದರು ಎನ್ನುವುದನ್ನು ಹೇಳಿಬಿಡುತ್ತೇನೆ. ಮಾಟುಂಗದ ಆ ಹೋಟೆಲಿನ ಕೆಲಸಗಾರ ಪೂವಪ್ಪ ಸತ್ತ ದಿನ ಹೋಟೆಲಿನವರು ಬಾಗಿಲ ಮುಂದೆ ನಿಂತು, ಅವನ ಅಕ್ಕ ಊರಿಂದ ಬರುವವರೆಗೆ ಹೆಣ ಸುಡುವುದಿಲ್ಲ ಅಂದರು. ಅಕ್ಕು ಬಸ್ಸಿಳಿಯುವ ಹೊತ್ತಿಗೆ ತಮ್ಮ ಬೂದಿಯಾಗಿದ್ದ. ಕೆಲಸಗಾರರು ಮಲಗುವ ಅಟ್ಟಕ್ಕೆ ಗಟ್ಟಿ ಮೆಟ್ಟಿಲು ಕಟ್ಟಿಸುತ್ತೇವೆ ಅಂದರು. ಇವತ್ತಿಗೂ ಅದೇ ಬಿದಿರೇಣಿ. ಕನ್ನಡ ಸಂಘವೇ ವಿಚಾರಣೆ ನಡೆಸುತ್ತದೆ ಅಂದರು. ಅಧ್ಯಕ್ಷರ ಕುರ್ಚಿಯಲ್ಲಿ ಕೂತವರು ಹೋಟೆಲಿನ ಮಾಲೀಕರಾದ ಸೀತಾರಾಮರಾಯರೇ. ನೀವು, ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ ಅಂದಿರಿ. ಹೇಳಲಿಲ್ಲ.

ಹೀಗಿರುವಾಗ, ಐದು ತಿಂಗಳ ಮೇಲೆ ನಿಮ್ಮಿಂದ ಒಂದು ಕಾರ್ಡು. ಹೋಗುವಾಗ ನಿನ್ನ ಬ್ಯಾಗಿನಲ್ಲಿ ನಾನು ಓದುತ್ತಿದ್ದ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯೊಂದು ಸೇರಿಹೋಗಿರಬಹುದು, ಮಲಾಡ್ ಸ್ಟೇಷನ್ ಪಕ್ಕದ ಲೈಬ್ರರಿಯವನು ಪೀಡಿಸುತ್ತಿದ್ದಾನೆ, ಅಲ್ಲದೆ ಕೊನೆಯ ಅಧ್ಯಾಯ ಓದುವುದು ಬಾಕಿ ಇದೆ. ಇಷ್ಟೇ. ಹೆಂಡತಿ ಬಾಕಿ ಇಲ್ಲ, ಪೂವಪ್ಪ ಬಾಕಿ ಇಲ್ಲ, ಕೊನೆಯ ಅಧ್ಯಾಯ ಬಾಕಿ! ನನಗೆ ಈ ಖೋಲಿಯಲ್ಲಿ ಜಾಗ ಕೊಟ್ಟಿರುವ ಗೆಳತಿ ವಿಮಲಾ ಅದನ್ನು ಓದಿ, "ಪಾಪ, ಇವರ ಪಾಲಿಗೆ ಓಡಿಹೋದದ್ದು ಹೆಂಡತಿ ಅಲ್ಲ ಕಣೇ, ಬುಕ್ಕು" ಅಂತ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ಅಡಿಗೆ ಮಾಡುವ ಮನಸ್ಸಾಗಲಿಲ್ಲ.

'ನೀವು' ಎಂದು ಬರೆಯುತ್ತಿದ್ದೇನೆ ಅಂತ ಹಿಗ್ಗಬೇಡಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ಮೈಸೂರಿನ ಬೀದಿಗಳಲ್ಲಿ ಸೈಕಲ್ ಸೀಟಿನ ಕೆಳಗೆ ಕರಪತ್ರ ಬಚ್ಚಿಟ್ಟುಕೊಂಡು ತಿರುಗುತ್ತಿದ್ದ ಸತ್ಯನಿಗೆ 'ನೀನು' ಅನ್ನುತ್ತಿದ್ದೆ. ಅವನು ಎಲ್ಲಿ ಹೋದನೋ ಗೊತ್ತಿಲ್ಲ. ನಿಮ್ಮ ಪರಿಚಯ ನನಗೆ ಅಷ್ಟಿಲ್ಲ.

ಪುಸ್ತಕ ನನ್ನ ಬಳಿಯೇ ಇದೆ. ಸೇರಿಹೋದದ್ದಲ್ಲ, ಬೇಕೆಂದೇ ತಂದದ್ದು. ಪೂವಪ್ಪ ಸತ್ತ ಮಧ್ಯಾಹ್ನ ನಿಮ್ಮ ಕೈಯಲ್ಲಿದ್ದದ್ದು ಅದೇ.

ಈ ಪುಸ್ತಕಗಳಲ್ಲಿ ಅಂಥದ್ದೇನಿದೆ ಅಂತ ನಾನು ಕೇಳಿದಾಗಲೆಲ್ಲ ನೀವು, "ಸುಮ್ಮನೆ ಟೈಮ್‌ಪಾಸ್ ಕಣೇ, ತಲೆಗೆ ಸ್ವಲ್ಪ ಕಸರತ್ತು" ಅನ್ನುತ್ತಿದ್ದಿರಿ. ಸುಳ್ಳು. ಏನಿದೆ ಅಂತ ನನಗೆ ಗೊತ್ತು. ಮಹಾಯುದ್ಧ ಮುಗಿದಿದೆ. ಗೆದ್ದ ಬ್ರಿಟಿಷರ ದೇಶದಲ್ಲೇ ಬೆಣ್ಣೆಗೆ ಕೂಪನ್, ಸಕ್ಕರೆಗೆ ಕೂಪನ್. ದೊಡ್ಡ ಬಂಗಲೆಯನ್ನು ಬೆಚ್ಚಗಿಡಲು ಕಲ್ಲಿದ್ದಲಿಲ್ಲ, ಯುದ್ಧಕ್ಕೆ ಹೋದ ತೋಟದಾಳು ಹಿಂದಿರುಗಿಲ್ಲ, ಬಂದವರೂ ಈಗ ಟೋಪಿ ತೆಗೆದು ನಿಲ್ಲುವುದಿಲ್ಲ. ನಮ್ಮ ಜನರ ಮೇಲೆ ಗುಂಡು ಹಾರಿಸಿ ಪಿಂಚಣಿ ಕಟ್ಟಿಕೊಂಡು ಹೋದ ಕರ್ನಲ್ ಅಲ್ಲಿ ಗುಲಾಬಿ ಗಿಡ ಕತ್ತರಿಸುತ್ತ, ಕಾಲ ಕೆಟ್ಟಿತು ಎಂದು ಗೊಣಗುತ್ತಾನೆ. ಸಾಮ್ರಾಜ್ಯವೇ ಕೈತಪ್ಪಿದೆ. ಇಷ್ಟೆಲ್ಲ ಕೆಟ್ಟಿರುವಾಗ ಒಂದು ಹಳ್ಳಿಯಾದರೂ ಇದ್ದ ಹಾಗೇ ಇರಬೇಕಲ್ಲ? ಅದಕ್ಕೇ ಅಲ್ಲಿ ಹೆಣ ಬಿದ್ದರೂ ರತ್ನಗಂಬಳಿಯ ಮೇಲೆ ಅಚ್ಚುಕಟ್ಟಾಗಿ ಬೀಳುತ್ತದೆ. ಅಳುವವರಿಲ್ಲ. ಟೀ ಬರುತ್ತದೆ. ಪಾದ್ರಿ, ಡಾಕ್ಟರು, ವಕೀಲ, ಕರ್ನಲ್, ಎಲ್ಲರೂ ಒಬ್ಬರನ್ನೊಬ್ಬರು ಬಲ್ಲವರು. ಕೆಟ್ಟವನು ಒಬ್ಬನೇ, ಅವನೊಬ್ಬನನ್ನು ಹೆಕ್ಕಿ ತೆಗೆದರೆ ಉಳಿದದ್ದೆಲ್ಲ ಪರಿಶುದ್ಧ. ಬಂಗಲೆ ಬಂಗಲೆಯಾಗಿ, ಆಳು ಆಳಾಗಿ ಉಳಿಯುತ್ತಾರೆ. ಇನ್ನೊಂದು ಟೀ.

ಕೆಲಸದವಳೊಬ್ಬಳು ಇರುತ್ತಾಳೆ, ಮೂಗು ಸುರಿಸಿಕೊಂಡು ಪೆದ್ದುಪೆದ್ದಾಗಿ ಮಾತಾಡುವವಳು. ಅವಳು ಏನನ್ನೋ ನೋಡಿರುತ್ತಾಳೆ. ಹೇಳುವ ಮೊದಲೇ, ಪುಸ್ತಕದ ನಡುವಿಗೆ ಬರುವಷ್ಟರಲ್ಲಿ ಅವಳನ್ನು ಮುಗಿಸಿರುತ್ತಾರೆ. ಅವಳ ತಾಯಿ ಯಾರು, ಮಣ್ಣು ಮಾಡಿದವರು ಯಾರು, ಯಾವನೂ ಕೇಳುವುದಿಲ್ಲ. ನಮ್ಮ ಮಾಟುಂಗದಲ್ಲಿ ಅಷ್ಟು ಕ್ರೂರಿಗಳಿಲ್ಲ ಬಿಡಿ. ಪೂವಪ್ಪನ ಜೊತೆ ಅಟ್ಟದಲ್ಲಿದ್ದ ದೂಜನನ್ನು ಕೊಲ್ಲಲಿಲ್ಲ. ವಿಚಾರಣೆಗೆ ಮುಂಚೆಯೇ ಮಂಗಳೂರು ಬಸ್ಸು ಹತ್ತಿಸಿದರು.

ಆ ಶನಿವಾರದ್ದನ್ನು ನಿಮಗೆ ನೆನಪಿಸಬೇಕಾಗಿ ಬಂದದ್ದೇ ನಾಚಿಕೆ. ಆದರೂ ನೆನಪಿಸುತ್ತೇನೆ. ನಿಮಗೆ ಆಫೀಸು ಅರ್ಧ ದಿನ. ಊಟದ ಗಿರಾಕಿಗಳು ಹೋದಮೇಲೆ ಹೋಟೆಲಿನವರು ಶಟರ್ ಅರ್ಧ ಎಳೆದು, ಸಂಜೆ ಕಾಫಿಯ ಹೊತ್ತಿನವರೆಗೆ ವಿಶ್ರಾಂತಿ ಅನ್ನುತ್ತಾರೆ. ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ ಎಂಬ ಮರ್ಯಾದೆಗೆ ನಿಮಗೆ ಮಾತ್ರ ಆಗಲೂ ಫ್ಯಾಮಿಲಿ ರೂಮಿನಲ್ಲಿ ಫ್ಯಾನು, ಕಾಫಿ. ಕೆಲಸಗಾರರಿಗೆ ಅಡಿಗೆಮನೆಯ ಮೇಲಿನ ಅಟ್ಟ. ಅವರು ಮೇಲೆ ಹತ್ತಿದ ಕೂಡಲೇ ಮ್ಯಾನೇಜರು ಏಣಿ ತೆಗೆದಿಡುತ್ತಾನೆ. ಬಿಟ್ಟರೆ ಹುಡುಗರು ಮ್ಯಾಟಿನಿಗೆ ಹೋಗಿ ಕಾಫಿ ಹೊತ್ತಿಗೆ ಬರುವುದಿಲ್ಲವಂತೆ. ಗಂಡಸರನ್ನು ಕೋಳಿಗಳ ಹಾಗೆ ಮೇಲೆ ಹತ್ತಿಸಿ ಏಣಿ ತೆಗೆಯುವುದಕ್ಕೆ ಅಲ್ಲಿ 'ಶಿಸ್ತು' ಅಂತ ಹೆಸರು.

ಸಂಜೆಯ ಬೋಂಡಾಕ್ಕೆ ಕಾಯಲಿಟ್ಟ ಎಣ್ಣೆಗೆ ಬೆಂಕಿ ಹತ್ತಿತು. ಹೊಗೆ ನೇರ ಅಟ್ಟಕ್ಕೆ. ಉಳಿದವರು ಅಕ್ಕಿಮೂಟೆಗಳ ಮೇಲೆ ಹಾರಿ ಬದುಕಿದರು. ಎಲ್ಲರನ್ನೂ ತಳ್ಳಿ ಕೊನೆಗೆ ಹಾರಿದ ಪೂವಪ್ಪನಿಗೆ ಹೊಗೆಯಲ್ಲಿ ಮೂಟೆ ಕಾಣಲಿಲ್ಲ. ರುಬ್ಬುವ ಕಲ್ಲಿನ ಮೇಲೆ ಬಿದ್ದ.

ಆ ಸಂಜೆ ಮಲಾಡಿನ ನಮ್ಮ ಮನೆಯಲ್ಲಿ ಚಪ್ಪಲಿ ಕೂಡ ಬಿಡದೆ ನೀವು ಹೇಳಿದಿರಿ: "ಏಣಿ ಕೈ ತೊಳೆಯುವ ಜಾಗದ ಪಕ್ಕ ಗೋಡೆಗೆ ಒರಗಿತ್ತು ಕಣೇ. ಕೂಗು ಎದ್ದಮೇಲೆ ಮ್ಯಾನೇಜರ್ ಅದನ್ನು ಎತ್ತಿಕೊಂಡು ಒಳಗೆ ಓಡಿದ. ಪೊಲೀಸರು ಬಂದಾಗ ಅಟ್ಟಕ್ಕೆ ಚಾಚಿ ನಿಂತಿತ್ತು. ಕುಡಿದು ಏಣಿಯಿಂದ ಜಾರಿದ ಅಂತ ಬರೆಸ್ತಿದಾರೆ. ಅಟ್ಟದ ಅಂಚೆಲ್ಲ ಮಸಿ ಹಿಡಿದಿದೆ, ಏಣಿಗೆ ಮಸಿಯ ಗುರುತೇ ಇಲ್ಲ! ಬೆಂಕಿ ಬಿದ್ದಾಗ ಅದು ಅಲ್ಲಿರಲಿಲ್ಲ ಅನ್ನೋದಕ್ಕೆ ಇನ್ನೇನು ಬೇಕು?" ನಿಮ್ಮ ಕಣ್ಣು ಹೊಳೆಯುತ್ತಿತ್ತು. ಸೈಕಲ್ಲಿನ ಸತ್ಯ ವಾಪಸು ಬಂದ ಅಂದುಕೊಂಡೆ ನಾನು, ದಡ್ಡಿ. ಅದು ಸಿಟ್ಟಲ್ಲ, ಒಗಟು ಬಿಡಿಸಿದವನ ಖುಷಿ.

ಮುಂದಿನ ಭಾನುವಾರ ಸಂಘದ ಹಾಲಿನಲ್ಲಿ ಎದ್ದು ನಿಂತು ಏನಂದಿರಿ? "ನಾನು ಪುಸ್ತಕದಲ್ಲಿ ಮುಳುಗಿದ್ದೆ, ಯಾವುದನ್ನೂ ಗಮನಿಸಲಿಲ್ಲ." ಸೀತಾರಾಮರಾಯರು ಕುರ್ಚಿಯಲ್ಲಿ ಹಿಂದಕ್ಕೊರಗಿ, "ನಮ್ಮ ಮೂರ್ತಿಗಳು ಪುಸ್ತಕ ಹಿಡಿದ್ರೆ ಪಕ್ಕದಲ್ಲಿ ಬಾಂಬು ಬಿದ್ರೂ ಗೊತ್ತಾಗುದಿಲ್ಲ ಮಾರಾಯ್ರೆ" ಅಂದರು. ಹಾಲೆಲ್ಲ ನಕ್ಕಿತು. ನೀವೂ ನಕ್ಕಿರಿ. ಬೆಂಚಿನ ತುದಿಯಲ್ಲಿ ಕೂತಿದ್ದ ಅಕ್ಕು, ಇವರೆಲ್ಲ ಯಾಕೆ ನಗುತ್ತಿದ್ದಾರೆ ಎಂದು ತಿಳಿಯದೆ ನನ್ನ ಮುಖ ನೋಡಿದಳು. ಅವತ್ತೇ ಬ್ಯಾಗು ಹಿಡಿದೆ.

ಹತ್ತನೇ ಅಧ್ಯಾಯಕ್ಕೇ ಕೊಲೆಗಾರ ಗೊತ್ತಾಗಿಬಿಡುತ್ತಾನೆ ಎಂದು ಜಂಬ ಕೊಚ್ಚುವವರಿಗೆ ಕಣ್ಣೆದುರಿನ ಬಿದಿರೇಣಿ ಕಾಣಲಿಲ್ಲ! ದಸರೆಯಲ್ಲಿ ಅದೇ ಹಾಲಿನಲ್ಲಿ, ಅದೇ ರಾಯರ ಅಧ್ಯಕ್ಷತೆಯಲ್ಲಿ, ನಿಮ್ಮ ಉಪನ್ಯಾಸವೂ ಆಯಿತಂತೆ: 'ಬ್ರಿಟಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ನ್ಯಾಯ.' ವಿಮಲಾ ಹಿಂದಿನ ಸಾಲಿನಲ್ಲಿ ಕೂತು ಕೇಳಿ ಬಂದಳು. ಚೆನ್ನಾಗಿ ಮಾತಾಡಿದಿರಂತೆ. ಹಾರದಲ್ಲಿ ಸೇವಂತಿಗೆಯ ಜೊತೆ ಗುಲಾಬಿಯೂ ಇತ್ತಂತೆ. ಕರ್ನಲ್ ನೋಡಿದ್ದರೆ ಮೆಚ್ಚುತ್ತಿದ್ದ.

ಆ ಪುಸ್ತಕಗಳ ಬಗ್ಗೆ ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ, ಹಲ್ಲು ಕಚ್ಚಿ ಒಪ್ಪುತ್ತೇನೆ. ಅಲ್ಲಿ ಸತ್ತವನನ್ನು 'ಆಕಸ್ಮಿಕ' ಎಂದು ಷರಾ ಬರೆದು ಮುಚ್ಚುವುದಿಲ್ಲ. ಎಂಥ ದರಿದ್ರದವನ ಹೆಣವಾದರೂ ಕೊನೆಗೊಬ್ಬರು ಎಲ್ಲರನ್ನೂ ದಿವಾನಖಾನೆಯಲ್ಲಿ ಕೂರಿಸಿ, ಇದು ತಾನಾಗಿ ಆದದ್ದಲ್ಲ, ಮಾಡಿದ್ದು, ಮಾಡಿದವನು ಈ ಕೋಣೆಯಲ್ಲೇ ಕೂತಿದ್ದಾನೆ ಅನ್ನುತ್ತಾರೆ. ಈ ಒಂದು ಗಳಿಗೆಗಾಗಿ ತಾನೇ ನೀವು ಸಾಲುಸಾಲು ಪುಸ್ತಕ ಓದಿದ್ದು? ಸ್ವಂತದ ಒಂದು ಗಳಿಗೆ ಎದುರಿಗೆ ಬಂದಾಗ ಪುಸ್ತಕವನ್ನೇ ಮುಖಕ್ಕೆ ಅಡ್ಡ ಹಿಡಿದಿರಿ.

ಈಗ ಕೇಳಿ. ಅಕ್ಕು ಪುತ್ತೂರಿನಿಂದ ಮತ್ತೆ ಬರುತ್ತಿದ್ದಾಳೆ. ಆಕೆ ನನಗೆ ಹೇಳಿದ್ದು ಒಂದೇ ಮಾತು: "ಕುಡಿಯುವುದೇ ಇಲ್ಲ ಅಂತ ನಾನು ಹೇಳುದಿಲ್ಲ ಅಕ್ಕಾ. ಆದ್ರೆ ಶನಿವಾರ ಅವನಿಗೆ ಒಪ್ಪೊತ್ತು. ಶನಿವಾರ ಅವ ಮುಟ್ಟಲಿಕ್ಕಿಲ್ಲ. ಕುಡ್ದು ಸತ್ತ ಅಂತ ಬರ್ದದ್ದನ್ನು ಅಳಿಸಿ ಕೊಡಿ, ನನಗೆ ಬೇರೆ ಎಂತದ್ದೂ ಬೇಡ." ಅಟ್ಟದಲ್ಲಿ ಈಗಲೂ ಜನ ಮಲಗುತ್ತಾರೆ. ಏಣಿಯನ್ನು ಈಗಲೂ ತೆಗೆಯುತ್ತಾರೆ. ನಮ್ಮ ಹೋಟೆಲ್ ಕಾರ್ಮಿಕರ ಸಂಘಟನೆ ಅಲೆದೂ ಅಲೆದೂ, ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ಸ್ಥಳಕ್ಕೆ ಬರಲು ಒಪ್ಪಿದ್ದಾರೆ. ಮುನ್ಸೂಚನೆ ಕೊಡದೆ, ಮಧ್ಯಾಹ್ನದ ಅರ್ಧ ಶಟರಿನ ಕೆಳಗೆ ಬಗ್ಗಿ ಒಳಗೆ ಹೋಗುತ್ತೇವೆ. ಏಣಿ ದಿನಾ ಎಲ್ಲಿರುತ್ತದೆ ಎಂದು ಅವರು ಕಣ್ಣಾರೆ ನೋಡುತ್ತಾರೆ. ಪೂವಪ್ಪ ಸತ್ತ ದಿನ ಎಲ್ಲಿತ್ತು ಎಂದು ಹೇಳಲು ಹೊರಗಿನ ಸಾಕ್ಷಿ ನೀವೊಬ್ಬರೇ.

ಇದನ್ನು ಓದಿದ ಕೂಡಲೇ ನೀವು ರಾಯರಿಗೆ ಫೋನ್ ಮಾಡಬಹುದು. ಮಾಡಿದರೆ ಅವತ್ತು ಏಣಿ ಅಟ್ಟಕ್ಕೇ ಚಾಚಿರುತ್ತದೆ, ನಾವು ಪೆಚ್ಚುಮೋರೆ ಹಾಕಿಕೊಂಡು ಹೊರಗೆ ಬರುತ್ತೇವೆ, ಅಧಿಕಾರಿ ಇನ್ನೊಮ್ಮೆ ಬರುವುದಿಲ್ಲ. ಬೇಡ ಕಣೇ, ಬರೀಬೇಡ, ಆ ಮನುಷ್ಯನನ್ನು ನಂಬಬೇಡ ಅಂತ ವಿಮಲಾ ಈಗಲೂ ಪಕ್ಕದಲ್ಲೇ ಕೂತು ಬಯ್ಯುತ್ತಿದ್ದಾಳೆ. ಸುದ್ದಿ ಕೊಟ್ಟವರು ಯಾರೆಂದು ಪತ್ತೆ ಮಾಡಲು ನನಗೆ ಪುಸ್ತಕ ಬೇಕಿಲ್ಲ. ಆದರೂ ಬರೆದೆ. ಯಾಕೆ ಅಂತ ಕೇಳಬೇಡಿ.

ಇಷ್ಟು,
ಶಾಮಲಾ

ತಾ.ಕ.: ಪುಸ್ತಕವನ್ನು ನಾನೂ ಓದಿದೆ. ಬಯ್ಯಲಿಕ್ಕೆಂದು ತೆರೆದವಳು ಲೋಕಲ್ ಟ್ರೈನಿನಲ್ಲಿ ನಿಂತು ಓದುತ್ತ ವಿಕ್ರೋಳಿ ದಾಟಿ ಠಾಣೆಗೆ ಹೋಗಿ ಇಳಿದೆ. ಕೊನೆಯವರೆಗೂ ನನಗೆ ಅನುಮಾನವಿದ್ದದ್ದು ಯಾರ ಮೇಲೆ ಗೊತ್ತಾ? ಅಡಿಗೆಯವಳ ಮೇಲೆ! ಇಷ್ಟು ವರ್ಷ ಬಾವುಟ ಹಿಡಿದ ನನ್ನ ಮೇಲೇ ಆ ಪುಸ್ತಕ ಹೀಗೆ ಮೋಡಿ ಮಾಡಿತು ಅಂದರೆ, ಅಷ್ಟೊಂದು ಓದಿದ ನಿನ್ನ ಗತಿ ಏನಾಗಿರಬೇಡ ಸತ್ಯ. ಕೊಂದವರು ಯಾರೆಂದು ನಾನು ಇಲ್ಲಿ ಹೇಳುವುದಿಲ್ಲ. ಕೊನೆಯ ಅಧ್ಯಾಯ ಬೇಕಿದ್ದರೆ ಮಾಟುಂಗ ರೋಡಿನಲ್ಲಿ ಇಳಿದು, ಸೇತುವೆ ದಾಟಿ, ಹೋಟೆಲಿನ ಎದುರಿನ ಫುಟ್‌ಪಾತಿಗೆ ಬಾ. ಅಕ್ಕು ಮತ್ತು ನಾನು ನಿಂತಿರುತ್ತೇವೆ. ಜನವರಿ ಇಪ್ಪತ್ತೊಂದು, ಶನಿವಾರ, ಮಧ್ಯಾಹ್ನ ಮೂರೂವರೆ.