ಸಣ್ಣ ಉರಿಯ ಪರೀಕ್ಷೆ

ಎರಡನೆಯ ಬೇಸಿಗೆ, ನಲವತ್ತನೆಯ ತಾರೀಕು, ೨೩೧೯

ಹಿರಿಯಜ್ಜಿ ಸುಗುಣಾಂಬೆಯವರಿಗೆ ನಿಮ್ಮ ವಂಶದ ಮೃಣಾಲಿನಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ, ತಾರೀಕನ್ನೂ ಬೇಸಿಗೆ ಶುರುವಾದ ದಿನದಿಂದಲೇ ಎಣಿಸುತ್ತೇವೆ. ಈ ಕಾಗದ ಕಾಲ ದಾಟಿ ಹಿಂದಕ್ಕೆ ನಿಮ್ಮ ಕೈಸೇರುತ್ತದೆಂದು ನಂಬಿ ಬರೆಯುತ್ತಿದ್ದೇನೆ. ನನ್ನ ಕನ್ನಡ ಒರಟಾಗಿ ಕೇಳಿಸಿದರೆ ಕ್ಷಮಿಸಿ. ಅದರಲ್ಲಿ ಸಿಟ್ಟೂ ಇದೆ.

ನೀವು ಸಿಡಿಮದ್ದನ್ನು ಬೆಂಕಿಗೊಡ್ಡಿ ಅದೇನು ಮಾಡುತ್ತದೆಂದು ನೋಡುವವರು. ದಪ್ಪ ಗೋಡೆಯಾಚೆ ಕುರ್ಚಿ ಹಾಕಿಕೊಂಡು ಕಾಯುತ್ತೀರಿ. ಒಂದು ತುಂಡು ಸಿಡಿದರೆ ಇನ್ನೊಂದು ತರಿಸುತ್ತೀರಿ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೊಸರನ್ನ ತಿನ್ನುತ್ತಾ, "ಇವತ್ತಿಂದು ಸದ್ದೇ ಮಾಡಲಿಲ್ಲ ಕಣ್ರೀ" ಎಂದು ಬೇಸರಪಡುತ್ತೀರಂತೆ! ಅಬ್ಬಾ, ನಿಮ್ಮನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಇನ್ನೊಂದು ತುಂಡು ಇರುವುದೇ ಭಾಗ್ಯವೆಂದು ನಿಮಗೆ ಗೊತ್ತೇ ಇಲ್ಲ.

ನಮ್ಮ ಕಾಲದಲ್ಲಿ ಮದ್ದು ಮಾಡುವವರಿಲ್ಲ. ನೀವು ಬಿಟ್ಟುಹೋದ ಮದ್ದಿನ ಪೆಟ್ಟಿಗೆಗಳನ್ನು ಕಾಯುವುದಷ್ಟೇ ನಮ್ಮ ಮನೆತನದ ಕೆಲಸ. ಅವುಗಳ ಮೇಲೆ 'ಉರಿಗೆ ಪಾಸು' ಎಂದು ಬರೆಸಿದ್ದೀರಲ್ಲ, ನಾವು ಅವನ್ನು ಉರಿಪಾಸು ಎಂದೇ ಕರೆಯುತ್ತೇವೆ. ಯಾವ ಬಿಸಿಗೂ ಜಗ್ಗುವುದಿಲ್ಲವೆಂದು ನಂಬಿ ಅವುಗಳ ಮೇಲೆ ಹಪ್ಪಳ ಒಣಗಿಸಿದೆವು, ಕೂಸುಗಳನ್ನು ಮಲಗಿಸಿದೆವು. ಹೋದ ತಿಂಗಳು ಪಕ್ಕದ ಗೋದಾಮಿನಲ್ಲಿ ಯಾರೂ ಕಡ್ಡಿ ಗೀರಿರಲಿಲ್ಲ, ಹತ್ತಿರ ಒಂದು ದೀಪವೂ ಇರಲಿಲ್ಲ. ಆದರೂ ಒಂದು ಉರಿಪಾಸು ಸಿಡಿದು ಗೋದಾಮೇ ನೆಲಸಮವಾಯಿತು.

ನೀವು ನೋಡಿದ್ದು ದೊಡ್ಡ ಉರಿಯನ್ನು ಮಾತ್ರ. ಅದರಲ್ಲಿ ಮದ್ದು ಹೊರಗಿನಿಂದ ಹೊತ್ತಿಕೊಳ್ಳುತ್ತದೆ, ಪೆಟ್ಟಿಗೆ ಬಾಯಿ ಬಿಡುತ್ತದೆ, ಬುಸ್ಸೆಂದು ಉರಿದು ಮುಗಿಯುತ್ತದೆ. ಸಣ್ಣ ಉರಿಯಲ್ಲಿ ಹಾಗಲ್ಲ; ಒಳಗೊಳಗೇ ಪೂರ್ತಿ ಬೆಂದು ಒಮ್ಮೆಲೇ ಸಿಡಿಯುತ್ತದೆ. ನಮ್ಮ ಬೇಸಿಗೆಯೆಲ್ಲ ಸಣ್ಣ ಉರಿಯೇ, ಅಜ್ಜಿ. ನನ್ನ ಹೊಟ್ಟೆಯುರಿಯೂ ಅಂಥದ್ದೇ.

ಉಳಿದ ಪೆಟ್ಟಿಗೆಗಳನ್ನು ನಾಳೆ ನಮ್ಮಕ್ಕ ಶಾರ್ವರಿ ತಂಪುಗುಂಡಿಗೆ, ಅಂದರೆ ನೆಲದಾಳದ ಕೋಣೆಗೆ, ಹೊತ್ತು ಸಾಗಿಸಬೇಕು. ಒಳಗೆ ಬೆಂದಿದ್ದರೆ ಹೊರುವಾಗಲೇ ಸಿಡಿದೀತು, ಬೇಡವೆಂದು ಗೋಗರೆದೆ. "ಅಜ್ಜೀನೇ ಪಾಸು ಮಾಡಿರೋದು ಕಣೇ, ಸುಮ್ನೆ ತಲೆ ತಿನ್ಬೇಡ" ಅನ್ನುತ್ತಾಳೆ. ನನ್ನ ಮಾತಿಗಿಂತ ನಿಮ್ಮ ಮಾತು ಅವಳಿಗೆ ಹೆಚ್ಚು. ಅದಕ್ಕೂ ನನಗೆ ಹೊಟ್ಟೆಕಿಚ್ಚೇ.

ನಿಮ್ಮ ಬಳಿ ಇನ್ನೂ ತುಂಡುಗಳಿವೆ. ದಮ್ಮಯ್ಯ, ಒಂದನ್ನು ಸಣ್ಣ ಉರಿಯಲ್ಲಿಟ್ಟು ನೋಡಿ. ಸಿಡಿದರೆ ಅದನ್ನೂ ಪೆಟ್ಟಿಗೆಯ ಮೇಲೆ ಬರೆಸಿ. ನೀವು ಅಂದು ಬರೆಸಿದ್ದನ್ನು ನಾನು ನಾಳೆ ಅಕ್ಕ ಏಳುವ ಮೊದಲೇ ಹೋಗಿ ಓದುತ್ತೇನೆ. ನೀವು ಬರೆಸಿದ್ದಾದರೆ ಅವಳು ನಂಬುತ್ತಾಳೆ.

ತಡೆಯಲಾರದೆ ಈಗಷ್ಟೇ ಪೆಟ್ಟಿಗೆಗಳನ್ನು ನೋಡಿ ಬಂದೆ. ಅವುಗಳ ಮೇಲೆ ಇನ್ನೂ 'ಉರಿಗೆ ಪಾಸು' ಎಂಬ ಎರಡೇ ಪದಗಳಿವೆ.