‘ನಮ್ಮೋರೇ’ ಎಂದ ತಪ್ಪಿಗೆ

ಇನ್ಶೂರೆನ್ಸ್ ಕಚೇರಿಯ ದೊಡ್ಡ ಸಾಹೇಬರೇ,

ನಾನು ಮಾಹಿತಿ ಮರೆಮಾಚಿದೆನಂತೆ. ನಿಮ್ಮ ಇಂಗ್ಲಿಷ್ ಕಾಗದದಲ್ಲಿ ಹಾಗಿದೆ. ಅದನ್ನು ಓದಿ ಹೇಳಿದವಳು ಪವಿತ್ರ; ನನ್ನ ಮನೆಯಲ್ಲಿ ಬಾಡಿಗೆಗಿದ್ದು ಗೋಡೆ ಬಿದ್ದು ಸತ್ತ ತಿಪ್ಪಮ್ಮನ ಮಗಳು. ‘ಆ ಮನೆಯಲ್ಲಿ ಬಾಡಿಗೆದಾರರಿದ್ದುದಕ್ಕೆ ದಾಖಲೆಯಿಲ್ಲ, ಪರಿಹಾರವಿಲ್ಲ’ ಎಂಬ ಸಾಲಿಗೆ ಬಂದಾಗ ಹುಡುಗಿ ಓದು ನಿಲ್ಲಿಸಿ ತಾಯಿಯ ಸೀರೆಯ ಕಡೆ ನೋಡಿದಳು. ಅದಿನ್ನೂ ನನ್ನ ಹಗ್ಗದ ಮೇಲೇ ಇದೆ. ದಾಖಲೆ ಬೇಕಿತ್ತಲ್ಲ, ಬಂದು ನೋಡಿ.

ಮರೆಮಾಚಿದ್ದು ಹೇಗೆಂದೂ ಕೇಳಿ. ಮಡಕಶಿರಾದಲ್ಲಿ ನನಗೆ ಮಗ್ಗುಲು ಮಗ್ಗುಲಿಗೆ ಎರಡು ಮನೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಒಂಬತ್ತು ವರ್ಷ ಇದ್ದವಳು, ರೊಳ್ಳ ಎಂಬ ಊರಿನಿಂದ ಕೂಲಿಗೆ ಬಂದ ತಿಪ್ಪಮ್ಮ. ನಿಮ್ಮ ಏಜೆಂಟ್ ನರಸಿಂಹಯ್ಯ ಜಗಲಿಯ ಮೇಲೆ ಕೂತು ಫಾರಂ ತುಂಬುತ್ತಾ ಕೇಳಿದ:

“ಆ ಮನೇಲಿ ಯಾರವ್ರೆ ಅಜ್ಜಿ?”

“ನಮ್ಮೋರೇ ಕಣಪ್ಪ.”

ಅಷ್ಟೇ. ಅವನು ‘ಮಾಲೀಕರ ವಾಸ’ ಎಂದು ಬರೆದ, ನಾನು ಅಕ್ಷರ ಕೂಡಿಸಿ ಕೂಡಿಸಿ ಸಹಿ ಹಾಕಿದೆ. ಒಂಬತ್ತು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದವಳನ್ನು ನಮ್ಮೂರಲ್ಲಿ ಇನ್ನೇನೆನ್ನುತ್ತಾರೆ ಸ್ವಾಮಿ? ಬಾಡಿಗೆಗೆ ಕೊಟ್ಟ ಮನೆಗೆ ಬೇರೆ ಪಾಲಿಸಿ, ಅಲ್ಲಿರುವವರ ಜೀವಕ್ಕೆ ಅದರಲ್ಲಿ ಬೇರೆ ಕಲಮು ಎಂದು ಅವನು ಹೇಳಲಿಲ್ಲ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳಬಹುದಿತ್ತು. ಅವನು ಎರಡು ಲೋಟ ಕುಡಿದ.

ನನ್ನ ತಪ್ಪನ್ನೂ ಹೇಳಿ ಬರೆಸುತ್ತೇನೆ. ಮಳೆ ಹಿಡಿದ ಮೂರನೇ ದಿನ ತಿಪ್ಪಮ್ಮ ಬಂದು, “ಅಜ್ಜಿ, ಒಲೆ ಹಿಂದ್ಲು ಗೋಡೆ ಬಿರುಕು ಬಿಟ್ಟೈತೆ, ಕೈ ತೂರುತ್ತೆ” ಎಂದಳು.

“ಹೆದ್ರಬ್ಯಾಡ ಹೋಗೆ, ಇನ್ಶೂರೆನ್ಸ್ ಮಾಡ್ಸಿವ್ನಿ” ಎಂದೆ.

ನಗುತ್ತಾ ಹೋದಳು. ಮಾರನೆಯ ಬೆಳಿಗ್ಗೆ ಮುದ್ದೆಗೆ ಎಸರಿಟ್ಟುಕೊಂಡು ಕೂತಿದ್ದಾಗ ಗೋಡೆ ಮೈಮೇಲೆ ಬಂತು. ಕಾಗದವೇ ಗೋಡೆ ಹಿಡಿದುಕೊಂಡಿರುತ್ತದೆ ಎಂದು ನಂಬಿದವಳು ನಾನು. ಈಗಲೂ ಹೊತ್ತು ಮುಳುಗುವಾಗ ಆ ಕಡೆಯಿಂದ “ಅಜ್ಜಿ, ಏನ್ ಸಾರು ಇವತ್ತು?” ಎಂದು ಕೇಳಿಸುತ್ತದೆ. ದಿನಾ ಉತ್ತರ ಕೊಡುತ್ತೇನೆ. ಯಾರಿಗೆ ಎಂದು ಈಗ ನನ್ನ ಜೊತೆಗಿರುವ ಪವಿತ್ರ ಕೇಳುವುದಿಲ್ಲ.

ನನ್ನ ಗೋಡೆಗೆ ನೀವೇನೂ ಕೊಡಬೇಡಿ. ನೀವು ತಳ್ಳಿಹಾಕಿದ ಪರಿಹಾರದ ಅರ್ಜಿಯನ್ನು ಮತ್ತೆ ತೆರೆಯಿರಿ. ತಿಪ್ಪಮ್ಮ ಅಲ್ಲಿ ಬಾಡಿಗೆಗೆ ಇದ್ದಳು, ಅಲ್ಲೇ ಸತ್ತಳು ಎಂದು ಬರೆದು, ಮಗಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ. ಇನ್ನು ಮುಂದೆ ನಿಮ್ಮವರು ‘ಯಾರಿದ್ದಾರೆ’ ಎನ್ನದೆ, ‘ಬಾಡಿಗೆ ತಗೊಳ್ತೀಯಾ’ ಎಂದು ಕೇಳಲಿ, ನಮ್ಮ ಆಂಧ್ರದ ಗಡಿಯಲ್ಲಿ ಆಡುವ ಕನ್ನಡದಲ್ಲೋ ತೆಲುಗಿನಲ್ಲೋ. ಆಗದು ಎನ್ನುವಿರಾದರೆ ನಿಮ್ಮ ದಾಖಲೆಯನ್ನಾದರೂ ಪೂರ್ತಿ ನಂಬಿ. ಆ ಮನೆಯಲ್ಲಿ ವಾಸವಿದ್ದದ್ದು ಮಾಲೀಕಳು. ಹಾಗಾದರೆ ಆ ಬೆಳಿಗ್ಗೆ ಒಲೆ ಮುಂದೆ ಕೂತಿದ್ದವಳು ನಾನು.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಗೋಡೆ ಬಿದ್ದು ಸತ್ತಿರುವ
ಪಾಲಮ್ಮ, ಮಡಕಶಿರಾ